ಹಿತ್ತಲಿನ ಬಸ್ ನಿಲ್ದಾಣ

ಮಂಗಳವಾರ ಮಧ್ಯಾಹ್ನ,
ಔಷಧಿ ಅಂಗಡಿಯ ಕೌಂಟರಿನ ಹಿಂದೆ ಕೂತು

ರೀ,

ಏನೆಂದು ಕರೆದು ಶುರು ಮಾಡಬೇಕೆಂದು ತುಂಬ ಹೊತ್ತು ಯೋಚಿಸಿದೆ. 'ಪ್ರೀತಿಯ' ಎಂದು ಬರೆಯಲು ಕೈ ಏಳಲಿಲ್ಲ. 'ಮಾನ್ಯರೇ' ಎಂದರೆ ಔಷಧಿ ಕಂಪನಿಗೆ ದೂರು ಬರೆದಂತಾಗುತ್ತದೆ. ಮದುವೆಯಾದಾಗಿನಿಂದ ಕರೆದದ್ದು 'ರೀ' ಎಂದೇ. ಹೊಸದೊಂದನ್ನು ಹುಡುಕಿಕೊಳ್ಳುವಷ್ಟು ತ್ರಾಣ ನನ್ನಲ್ಲಿಲ್ಲ, ಇದೇ ಇರಲಿ.

ನಿಮ್ಮ ಕಾಗದ ಬಂತು. ಭಾನುವಾರ ಬಂದು ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ, ಪಕ್ಕದ ಕೋಣೆ ಖಾಲಿ ಮಾಡಿಸಿದ್ದೇನೆ, ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇನೆ ಎಂದು ಬರೆದಿದ್ದೀರಿ. ಒಳ್ಳೆಯದಾಯಿತು. ಕರೆದುಕೊಂಡು ಹೋಗಿ ಎಂದು ಕಾಗದ ಬರೆದು ಹಟ ಹಿಡಿದವಳೇ ನಾನು, ಈಗ ಕೊಂಕು ತೆಗೆಯುವುದಿಲ್ಲ. ಉಸಿರು ಕಟ್ಟುತ್ತಿದೆ, ಸ್ವಲ್ಪ ದಿನ ಒಬ್ಬನೇ ಇರಬೇಕು ಎಂದು ಹೇಳಿ ನೀವು ಮನೆ ಬಿಟ್ಟಾಗ ಬಟ್ಟೆ ತೆಗೆದುಕೊಂಡು ಹೋದಿರಿ, ರೇಡಿಯೋ ತೆಗೆದುಕೊಂಡು ಹೋದಿರಿ, ಬಚ್ಚಲಿನ ಕನ್ನಡಿಯನ್ನೂ ಮೊಳೆಯಿಂದ ಬಿಚ್ಚಿಕೊಂಡು ಹೋದಿರಿ. ಅಪ್ಪನನ್ನು ಮಾತ್ರ ಮರೆತಿರಿ. ಮರೆವು ಎಲ್ಲರಿಗೂ ಇದ್ದದ್ದೇ, ಆದರೆ ಅಷ್ಟು ಎತ್ತರದ ಆಸಾಮಿಯನ್ನು ಮರೆಯುವುದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಜಗಳಕ್ಕೆಂದು ಬರೆಯುತ್ತಿಲ್ಲ. ಫೋನಿನಲ್ಲಾದರೆ ಎರಡನೆಯ ಮಾತಿಗೇ ಜಗಳ ಹತ್ತಿಕೊಳ್ಳುತ್ತದೆ, ಅದಕ್ಕೇ ಕಾಗದ. ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದಾರೆ. ಶಟರ್ ಅರ್ಧ ಎಳೆದು, ಕೆಮ್ಮಿನ ಔಷಧಿಯ ರಟ್ಟಿನ ಪೆಟ್ಟಿಗೆಯ ಮೇಲೆ ಕಾಲು ಚಾಚಿ ಕೂತಿದ್ದೇನೆ. ಬೆಳಗಿನಿಂದ ನಿಂತು ನಿಂತು ಪಾದಗಳು ಊದಿಕೊಂಡಿವೆ. ಊರಿಗೆಲ್ಲ ಮಾತ್ರೆ ಕೊಡುವವಳು, ನನಗೊಂದು ಮಾತ್ರೆ ನುಂಗಲು ನೆನಪಿರುವುದಿಲ್ಲ. ಇರಲಿ, ಇದು ನಿಮಗೆ ಸಂಬಂಧಿಸಿದ್ದಲ್ಲ.

ಮಾವನನ್ನು ಕರೆದೊಯ್ಯುವ ಮೊದಲು ಕೆಲವು ವಿಷಯ ನಿಮಗೆ ತಿಳಿದಿರಬೇಕು. ಸ್ಟ್ರೋಕ್ ಆದಾಗ ನೀವು ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೋದಿರಲ್ಲ, ಆಗ ನೋಡಿದ ಮನುಷ್ಯ ಈಗಿಲ್ಲ. ಮಾತು ಪೂರ್ತಿ ಬಂದಿದೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂದಿದೆ. ನಡೆಯುತ್ತಾರೆ. ಬಲಗೈ ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ವ್ಯಾಯಾಮ ಹೇಳಿಕೊಡುವ ಹುಡುಗಿ ಒತ್ತುವುದಕ್ಕೆಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಮಾವ ಅದನ್ನು ಪಕ್ಕದ ಮನೆಯ ಟೈಲರಮ್ಮನ ನಾಯಿಗೆ ದಾನ ಮಾಡಿದರು. ಹಾಗಾದರೆ ಮಣ್ಣು ಕಲಸಲಿ, ಗಿಡ ನೆಡಲಿ ಎಂದು ಹುಡುಗಿ ಹೇಳಿದಳು. ನಾನು ಹಿತ್ತಲಲ್ಲಿ ಒಡೆದ ಬಕೆಟು, ಎಣ್ಣೆ ಡಬ್ಬ, ಹಳೆಯ ಕುಂಡ, ಸಿಕ್ಕಿದ್ದನ್ನೆಲ್ಲ ಸಾಲಾಗಿಟ್ಟು ಕೊತ್ತಂಬರಿ, ಟೊಮೇಟೊ, ಬೀನ್ಸ್, ಚೆಂಡುಹೂವು ಎಂದು ಬೀಜ ತಂದುಕೊಟ್ಟೆ. ಇಬ್ಬರೂ ಕೂತು ಬಿತ್ತಿದೆವು. ಬಿತ್ತಿ ಎದ್ದಾಗ ಯಾವುದರಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಾವ ನನ್ನ ಮೇಲೆ ಹರಿಹಾಯ್ದರು. "ಏನಮ್ಮಾ ಇದು, ಬೋರ್ಡೇ ಇಲ್ಲದ ಬಸ್ಸುಗಳನ್ನ ನಿಲ್ದಾಣದಲ್ಲಿ ನಿಲ್ಸಿದೀಯಲ್ಲ, ಜನ ಯಾವುದು ಹತ್ಬೇಕು?" ಎಂದರು.

ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಜೀವ ತೇದವರು ಬೇರೆ ಏನು ತಾನೇ ಹೇಳುತ್ತಾರೆ. ಮಾರನೆಯ ದಿನದಿಂದ ಬೋರ್ಡಿನ ಕೆಲಸ ಶುರುವಾಯಿತು. ಹಣ್ಣಿನಂಗಡಿಯವನು ಎಸೆಯುವ ಪೆಟ್ಟಿಗೆಗಳ ತೆಳು ಹಲಗೆಗಳನ್ನು ನಾನು ತರುತ್ತೇನೆ. ಅಂಗೈಯಗಲ ಕೊಯ್ದು, ಕೆಳಗೆ ಚೂಪು ಮಾಡಿ, ಮೇಲ್ಭಾಗವನ್ನು ಬಸ್ಸಿನ ಹಣೆಯಂತೆ ದುಂಡಗೆ ತೆಗೆಯುತ್ತೇನೆ. ಮರಳು ಕಾಗದದಲ್ಲಿ ಉಜ್ಜುವುದೂ ನನ್ನದೇ ಪಾಲು. ಹಳದಿ ಬಣ್ಣ ಬಳಿದು ಒಣಗಲು ಬಿಡಬೇಕು. ಆಮೇಲೆ ಮಾವ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಕಪ್ಪು ಬಣ್ಣದಲ್ಲಿ ಹೆಸರು ಬರೆಯುತ್ತಾರೆ. ತರಕಾರಿಗೆ ಹಸಿರು ಅಂಚು, ಅದು ಆರ್ಡಿನರಿ. ಹೂವಿಗೆ ಕೆಂಪು ಅಂಚು, ಅದು ಎಕ್ಸ್‌ಪ್ರೆಸ್. ಅಂಚಿನ ಉದ್ದಕ್ಕೂ ಎಲೆಬಳ್ಳಿ, ಹಣೆಯ ಎರಡು ಕಡೆ ಬಿಳಿಯ ಬೊಟ್ಟು, ಅವು ಹೆಡ್‌ಲೈಟು. ಮಣ್ಣಿಗೆ ಇಳಿಯುವ ಚೂಪು ತುದಿಯನ್ನು ಕರಗಿದ ಮೇಣದಲ್ಲಿ ಅದ್ದದಿದ್ದರೆ ಕೊಳೆಯುತ್ತದೆ, ಅದನ್ನು ನೆನಪಿಡಿ. ಮೇಣ ಕರಗಿಸುವಾಗ ಅವರನ್ನು ಒಲೆಯ ಹತ್ತಿರ ಬಿಡಬೇಡಿ.

ಮೊದಮೊದಲಿನ ಬೋರ್ಡುಗಳನ್ನು ನೀವು ನೋಡಬೇಕಿತ್ತು. 'ಟೊಮೇಟೊ' ಎಂಬುದು ಎರೆಹುಳ ಹರಿದಂತಿತ್ತು. ಬರೆಯುವುದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ "ನೋಡು, ಇವತ್ತು ಕೊಂಬು ನೆಟ್ಟಗೆ ಬಂದಿದೆಯಾ?" ಎಂದು ಮುಖಕ್ಕೆ ಹಿಡಿಯುತ್ತಿದ್ದರು. ನನಗೋ ಕಣ್ಣು ಎಳೆಯುತ್ತಿರುತ್ತಿತ್ತು. ಬಂದಿದೆ ಮಾವ, ಬಂದಿದೆ ಎನ್ನುತ್ತಿದ್ದೆ. ಬಂದಿರಲಿಲ್ಲ. ಈಗ ನಿಜವಾಗಿಯೂ ಬರುತ್ತದೆ.

ನಮ್ಮ ಕೆಲಸದಲ್ಲಿ ಒಂದು ದೊಡ್ಡ ಎಡವಟ್ಟಾಯಿತು, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅದೇ ಮಾಡುತ್ತೀರಿ. ಬೀಜದ ಪೊಟ್ಟಣದ ಹಿಂದೆ ಎಷ್ಟು ದಿನಕ್ಕೆ ಮೊಳಕೆ ಬರುತ್ತದೆ ಎಂದು ಬರೆದಿರುತ್ತದಲ್ಲ, ಮಾವ ಅದನ್ನು ನೋಡಿಕೊಂಡು ಪ್ರತಿ ಬೋರ್ಡಿನ ಕೆಳಗೆ 'ಹೊರಟಿದ್ದು', 'ಬರುವುದು' ಎಂದು ಎರಡು ತಾರೀಖು ಬರೆದರು. ನೋಡಲು ಚೆಂದವಾಗಿಯೇ ಇತ್ತು. ಆದರೆ ಕೊತ್ತಂಬರಿ ತಾರೀಖಿಗೆ ಬರಲಿಲ್ಲ. ಮಾವ ಕುಂಡದ ಮುಂದೆ ಕುರ್ಚಿ ಹಾಕಿಕೊಂಡು ಕಾದರು. ಮರುದಿನ ಬೆರಳು ಹಾಕಿ ಮಣ್ಣು ಕೆದಕಿ ಎಲ್ಲಿಯವರೆಗೆ ಬಂದಿದೆ ಎಂದು ನೋಡಿದರು. ಆಗಷ್ಟೇ ಬಾಲ ಬಿಟ್ಟಿದ್ದ ಬೀಜಗಳೆಲ್ಲ ತಲೆಕೆಳಗಾದವು. ಅದರ ಮರುದಿನ "ಟ್ರಿಪ್ ಕ್ಯಾನ್ಸಲ್" ಎಂದು ಕುಂಡವನ್ನೇ ಬೋರಲು ಹಾಕಿದರು. ಬೀನ್ಸಿಗೂ ಇದೇ ಗತಿಯಾಯಿತು. ಬಿತ್ತುವುದು, ಬೋರ್ಡು ಬರೆಯುವುದು, ತಡವಾಯಿತೆಂದು ಕೆದಕುವುದು, ರದ್ದು ಮಾಡುವುದು. ಹಿತ್ತಲಲ್ಲಿ ಚಿತ್ತಾರದ ಬೋರ್ಡುಗಳು ಸಾಲುಗಟ್ಟಿ ನಿಂತಿದ್ದವು, ಒಂದೇ ಒಂದು ಹಸಿರು ಎಲೆ ಇರಲಿಲ್ಲ. ಟೈಲರಮ್ಮ ಗೋಡೆಯ ಮೇಲಿಂದ ಇಣುಕಿ "ಬೋರ್ಡು ಮಾತ್ರ ಹುಲುಸಾಗಿ ಬೆಳೆದಿದೆ" ಎಂದು ನಕ್ಕಳು.

ನೋಡಲಾರದೆ ಒಂದು ದಿನ ತರಕಾರಿ ಅಂಗಡಿಯಿಂದ ಬೇರಿನ ಸಮೇತ ಕೊತ್ತಂಬರಿ ಕಟ್ಟು ತಂದು, ಮಾವ ಏಳುವ ಮೊದಲೇ ಕುಂಡದಲ್ಲಿ ಸಿಕ್ಕಿಸಿದೆ. ಎದ್ದು ಬಂದು ನೋಡಿದರು. ಬಗ್ಗಿ ಒಂದು ಎಲೆ ಮೂಸಿದರು. "ಇದು ನಮ್ಮ ಡಿಪೋದ ಬಸ್ಸಲ್ಲ ಕಣಮ್ಮಾ, ಬಾಡಿಗೆ ಬಸ್ಸು" ಎಂದರು. ನೀವು ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು, ನನಗೆ ಅಳು ಬಂತು. ಆಮೇಲಿಂದ 'ಹೊರಟಿದ್ದು' ಎಂಬುದನ್ನು ಬಣ್ಣದಲ್ಲಿ ಬರೆಯುತ್ತಾರೆ, 'ಬರುವುದು' ಎಂಬುದನ್ನು ಸೀಮೆಸುಣ್ಣದಲ್ಲಿ. ತಡವಾದರೆ ಒರೆಸಿ ಮುಂದಕ್ಕೆ ಹಾಕುತ್ತಾರೆ, ಮಣ್ಣಿಗೆ ಕೈ ಹಾಕುವುದಿಲ್ಲ. ಈಗ ಟೊಮೇಟೊ ಸೊಂಟದೆತ್ತರ ಬಂದಿದೆ. ಬೀನ್ಸ್ ಬಳ್ಳಿ ಟೈಲರಮ್ಮನ ಗೋಡೆ ಹತ್ತಿದೆ, ಅವಳೂ ಎರಡು ಬೋರ್ಡು ಬರೆಸಿಕೊಂಡು ಹೋಗಿದ್ದಾಳೆ.

ಇಷ್ಟೆಲ್ಲ ಓದಿ, ಇವಳಿಗೇನು ಕಷ್ಟ, ಸುಖವಾಗಿಯೇ ಇದ್ದಾಳಲ್ಲ, ಮತ್ತೇಕೆ ಅಷ್ಟು ಖಾರವಾದ ಕಾಗದ ಬರೆದಳು ಎಂದು ನಿಮಗನ್ನಿಸಬಹುದು. ಬರೆದದ್ದು ಹಾಲು ಉಕ್ಕಿದ ದಿನ. ಒಲೆಯ ಮೇಲೆ ಹಾಲಿಟ್ಟು, ಒಂದು ನಿಮಿಷ ಎಂದು ನೆಲದ ಮೇಲೆ ಕೂತವಳು ಅಲ್ಲಿಯೇ ನಿದ್ದೆ ಹೋಗಿದ್ದೆ. ಹಾಲು ಉಕ್ಕಿ ಉರಿ ಆರಿ, ಅಡುಗೆಮನೆಯೆಲ್ಲ ಗ್ಯಾಸ್ ವಾಸನೆ. ಮಾವ ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. ಇಬ್ಬರೂ ಹಿತ್ತಲಿಗೆ ಹೋಗಿ ಕೂತೆವು. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ ಎಂದು ಅವತ್ತು ಖಚಿತವಾಯಿತು. ಬೆಳಿಗ್ಗೆ ಅವರಿಗೆ ಸ್ನಾನ, ತಿಂಡಿ, ಮಾತ್ರೆ, ಆಮೇಲೆ ಕೌಂಟರು, ಸಂಜೆ ಮತ್ತೆ ಅಡುಗೆ, ಬಟ್ಟೆ, ಬೋರ್ಡು. ಹಬೆಯಾಡುವ ನೀರಿನಲ್ಲಿ ಕಾಲಿಟ್ಟುಕೊಂಡು ಅರ್ಧ ಗಂಟೆ ಯಾರ ಮುಖವನ್ನೂ ನೋಡದೆ ಕೂರಬೇಕು ಎಂಬುದಷ್ಟೇ ನನ್ನ ಆಸೆಯಾಗಿಬಿಟ್ಟಿದೆ. ಮಗ ಬದುಕಿರುವಾಗ ಸೊಸೆಯೊಬ್ಬಳೇ ಯಾಕೆ ಹೆಗಲು ಕೊಡಬೇಕು ಎಂದು ನಾನು ಕೇಳಿದ್ದರಲ್ಲಿ ತಪ್ಪಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ನೀವು ಬರುವ ಸುದ್ದಿಯನ್ನು ಅವರಿಗೆ ಅರ್ಧ ಮಾತ್ರ ಹೇಳಿದ್ದೇನೆ. ಭಾನುವಾರ ನಿಮ್ಮ ಮಗ ಬರ್ತಾರಂತೆ ಎಂದೆ. ಯಾಕೆ ಎಂದು ಕೇಳಿದರು. ಬಂದ ಮೇಲೆ ಅವರೇ ಹೇಳ್ತಾರೆ ಎಂದೆ. ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತಿದ್ದಾರೆ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಆದರೆ ಅವರಿಗೆ ಗೊತ್ತಾಗಿಬಿಟ್ಟಿದೆ. ಅವತ್ತಿನಿಂದ ಹಲಗೆ ಸಾಲದು, ಹಲಗೆ ಸಾಲದು ಎಂದು ನನ್ನ ತಲೆ ತಿನ್ನುತ್ತಿದ್ದಾರೆ. ಪ್ರತಿ ಗಿಡದ ಬೋರ್ಡಿನ ಹಿಂಬದಿಯಲ್ಲೂ ಹೊಸದಾಗಿ ಬರೆದಿದ್ದಾರೆ. 'ಬೆಳಿಗ್ಗೆ ಒಂದು ಚೊಂಬು ನೀರು.' 'ಎಲೆಗೆ ನೀರು ಬೇಡ, ಬುಡಕ್ಕೆ.' 'ಹಣ್ಣಾದರೆ ಟೈಲರಮ್ಮನಿಗೂ ಕೊಡುವುದು.' ಸಾಲದೆಂಬಂತೆ ಮನೆಯೊಳಗೂ ಬೋರ್ಡುಗಳು ಬಂದಿವೆ. ಒಲೆಯ ಪಕ್ಕದ ಗೋಡೆಗೆ 'ಆರಿಸಿದೆಯಾ? ಇನ್ನೊಮ್ಮೆ ನೋಡು' ಎಂದು ಕೆಂಪು ಅಂಚಿನದು. ಮಾತ್ರೆ ಡಬ್ಬಕ್ಕೆ ಒಂದು. ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಒಂದು. ಎಲ್ಲಕ್ಕೂ ಹೆಡ್‌ಲೈಟು, ಎಲ್ಲಕ್ಕೂ ಎಲೆಬಳ್ಳಿ.

ತಾವು ಹೋದ ಮೇಲೆ ಈ ಸೊಸೆ ಗಿಡ ಒಣಗಿಸುತ್ತಾಳೆ, ಮತ್ತೊಂದು ದಿನ ಗ್ಯಾಸ್ ಬಿಟ್ಟು ಮಲಗುತ್ತಾಳೆ ಎಂಬ ಚಿಂತೆ ಅವರಿಗೆ. ಮೊದಲು ನನಗೆ ಸಿಟ್ಟೇ ಬಂತು. ಒಂದು ದಿನ ಹಾಲು ಉಕ್ಕಿಸಿದ್ದಕ್ಕೆ ಮನೆ ತುಂಬ ಬೋರ್ಡು ಹಾಕಬೇಕೇ? ಆಮೇಲೆ ನೋಡಿದರೆ, ಹೋಗುವ ಮನುಷ್ಯ ಯಾಕೆ ಕಳಿಸುತ್ತೀಯ ಎಂದು ಒಮ್ಮೆಯೂ ಕೇಳದೆ, ಕೂತು ನನಗಾಗಿ ಬರೆಯುತ್ತಿದ್ದಾರೆ. ನಿನ್ನೆ ಸಂಜೆ ಅವರು ಬರೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಹಲಗೆ ಉಜ್ಜುತ್ತಿದ್ದೆ. ತುಂಬ ದಣಿದಿದ್ದೆ. ಎದ್ದು ಹೋಗಿ ಮಲಗಬಹುದಿತ್ತು. ಹೋಗಲಿಲ್ಲ.

ನಿಮ್ಮ ಕಡೆ ಹಿತ್ತಲಿದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಕಿಟಕಿಯ ಮೇಲಾದರೂ ನಾಲ್ಕು ಕುಂಡ ಇಡಿ. ಗೊತ್ತು ಮಾಡಿರುವ ಹೆಂಗಸಿಗೆ ಹಲಗೆ ಕೊಯ್ಯಲು ಬರುತ್ತದೆಯೇ ಕೇಳಿ. ಬರದಿದ್ದರೆ ನಾನೇ ಒಂದಷ್ಟು ಕೊಯ್ದು, ಉಜ್ಜಿ, ಮೇಣಕ್ಕೆ ಅದ್ದಿ ಚೀಲದಲ್ಲಿ ಕಟ್ಟಿಕೊಡುತ್ತೇನೆ. ಸಂಜೆ ಹೊತ್ತು ಯಾರಾದರೂ ಒಬ್ಬರು ಅವರು ಬರೆದದ್ದನ್ನು ನೋಡಿ ಚೆನ್ನಾಗಿದೆ ಎನ್ನಬೇಕು. ಸುಮ್ಮನೆ ಹೇಳಿದರೆ ಗೊತ್ತಾಗುತ್ತದೆ ಅವರಿಗೆ, ಹತ್ತಿರ ಹೋಗಿ ನೋಡಿ ಹೇಳಬೇಕು. ನೀರು ಕುಡಿಯುವುದನ್ನು ಮರೆಯುತ್ತಾರೆ. ಮಲಗುವಾಗ ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡರೆ ಬೆಳಿಗ್ಗೆ ಜೋಮು ಹಿಡಿದಿರುತ್ತದೆ, ಒಮ್ಮೆ ಎದ್ದು ನೋಡಿ ಸರಿಸಿ.

ಯಜಮಾನರ ಚಪ್ಪಲಿ ಸದ್ದು ಕೇಳುತ್ತಿದೆ, ಶಟರ್ ಎತ್ತಬೇಕು. ಭಾನುವಾರ ಬನ್ನಿ. ಅವರ ಬಟ್ಟೆಬರೆ ಕಟ್ಟಿಟ್ಟಿರುತ್ತೇನೆ. ನನ್ನ ಬಗ್ಗೆ ನೀವು ಏನೂ ಕೇಳಿಲ್ಲ, ಹಾಗಾಗಿ ನಾನೂ ಏನೂ ಬರೆದಿಲ್ಲ.

ಇಂತಿ,
ನಿಮ್ಮ ತಂದೆಯ ಸೊಸೆ

ವಿ.ಸೂ. ಗುರುವಾರ ಬೆಳಿಗ್ಗೆ. ಕಾಗದ ಅಂಚೆಗೆ ಹಾಕದೆ ಚೀಲದಲ್ಲೇ ಉಳಿದಿತ್ತು. ಹಾಕದಿದ್ದದ್ದೇ ಒಳ್ಳೆಯದಾಯಿತು. ಈಗ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ, ಇವತ್ತೇ ನಿಮಗೆ ಸಿಗುತ್ತದೆ.

ನಿನ್ನೆ ಸಂಜೆ ಮನೆಗೆ ಬಂದಾಗ ಟೈಲರಮ್ಮ ಗೇಟಿನ ಹತ್ತಿರವೇ ನನ್ನ ಕೈ ಹಿಡಿದುಕೊಂಡಳು. "ಹೋಗ್ತಿದೀರಂತೆ, ನಿಮ್ಮ ಮಾವ ಹೇಳಿದ್ರು. ಅಂತೂ ಒಳ್ಳೇದಾಯ್ತು. ನೀವೇನೂ ಯೋಚ್ನೆ ಮಾಡ್ಬೇಡಿ, ಮಧ್ಯಾಹ್ನ ನಾನು ಬಂದು ಅವರನ್ನ ನೋಡ್ಕೊಂಡು ಹೋಗ್ತೀನಿ" ಎಂದಳು. ನನಗೆ ಏನೂ ತಿಳಿಯಲಿಲ್ಲ. ಒಳಗೆ ಹೋಗಿ, ಮಾವನ ಬಟ್ಟೆ ಕಟ್ಟೋಣವೆಂದು ದೊಡ್ಡ ಚೀಲ ಇಳಿಸಲು ಹೋದರೆ ಅದು ಆಗಲೇ ತುಂಬಿ ಮಂಚದ ಮೇಲಿತ್ತು. ತೆರೆದೆ. ಒಳಗಿದ್ದದ್ದೆಲ್ಲ ನನ್ನ ಬಟ್ಟೆ. ಇಸ್ತ್ರಿ ಮಾಡಿದ್ದರು, ಆ ಕೈಯಲ್ಲಿ. ಒಂದೆರಡು ಕಡೆ ಸುಕ್ಕು ಹಾಗೇ ಉಳಿದಿತ್ತು. ಮೇಲೆ ನನ್ನ ಕಾಲಿಗೆ ಹಚ್ಚುವ ಮುಲಾಮು ಇತ್ತು.

ಮಾವ ಬಾಗಿಲಲ್ಲಿ ನಿಂತಿದ್ದರು. ಮುಖದ ತುಂಬ ನಗು. "ನನ್ನ ಮಗನಿಗೆ ಕೊನೆಗೂ ಬುದ್ಧಿ ಬಂತಲ್ಲ ಕಣಮ್ಮಾ. ನಿನ್ನನ್ನ ಕರ್ಕೊಂಡು ಹೋಗೋಕೆ ಬರ್ತಿದಾನೆ ಅಂತ ಬಾಯಿಬಿಟ್ಟು ಹೇಳೋಕೆ ನಿನಗೆ ನಾಚಿಕೆ, ಅಷ್ಟೂ ಗೊತ್ತಾಗಲ್ವಾ ನನಗೆ? ಹೋಗು. ನೀನು ತುಂಬ ಸೋತಿದೀಯ. ನನ್ನ ಚಿಂತೆ ಬಿಡು, ಒಲೆಗೂ ಬೋರ್ಡ್ ಹಾಕ್ಕೊಂಡಿದೀನಿ, ಗಿಡಕ್ಕೂ ಹಾಕ್ಕೊಂಡಿದೀನಿ. ಮರೆತರೆ ಓದ್ಕೋತೀನಿ" ಎಂದರು.

ಬೋರ್ಡುಗಳು ನನಗಾಗಿ ಇರಲಿಲ್ಲ ರೀ. ಒಬ್ಬರೇ ಇರುವುದಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದರು.

ನಿಮ್ಮ ಕಾಗದದಲ್ಲಿ ನನ್ನ ಬಗ್ಗೆ ಒಂದಕ್ಷರವೂ ಇಲ್ಲ ಎಂದು ಆ ಮುಖಕ್ಕೆ ಹೇಗೆ ಹೇಳಲಿ? ಹೇಳಲಿಲ್ಲ. ನಾನು ಹೋಗುವುದಿಲ್ಲ ಮಾವ, ಅವರು ಎಷ್ಟು ಕರೆದರೂ ನನಗೆ ಇಲ್ಲೇ ಇಷ್ಟ ಎಂದೆ. ಹುಚ್ಚಿ, ಹಟಮಾರಿ ಎಂದು ಬೈದರು. ಭಾನುವಾರ ಮಗನ ಕೈಯಲ್ಲೇ ಹೇಳಿಸ್ತೀನಿ ಎಂದು ಚೀಲ ಬಿಚ್ಚಲು ಬಿಡಲಿಲ್ಲ. ನಾನು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾರಿಗಾಗಿ ಅತ್ತೆನೆಂದು ಕೇಳಬೇಡಿ.

ಈಗ ಮೇಲೆ ಬರೆದದ್ದನ್ನೆಲ್ಲ ಬಿಡಿ. ಮಾವ ಎಲ್ಲಿಗೂ ಬರುವುದಿಲ್ಲ. ಆ ಹೆಂಗಸನ್ನು ಬೇಡವೆನ್ನಿ, ಅಥವಾ ವಾರಕ್ಕೆ ಕೆಲವು ದಿನ ಇಲ್ಲಿಗೆ ಕಳಿಸಿ, ನನ್ನ ಕಾಲಿಗೆ ಸ್ವಲ್ಪ ಬಿಡುವು ಸಿಗುತ್ತದೆ. ನೀವು ಮಾತ್ರ ಭಾನುವಾರ ತಪ್ಪಿಸಬೇಡಿ. ಬಂದು, ಕೂತು, ಅವರ ಎದುರಿನಲ್ಲಿ ನನ್ನನ್ನು ಒಂದು ಸಲ ಕರೆಯಿರಿ. ಮನೆಗೆ ಬಾ ಎಂದಷ್ಟೇ ಅಂದರೆ ಸಾಕು. ಹೆದರಬೇಡಿ, ನಾನು ಬರುವುದಿಲ್ಲ ಎಂದೇ ಹೇಳುತ್ತೇನೆ. ಸ್ವಲ್ಪ ಗಟ್ಟಿಯಾಗಿ ಕರೆಯಿರಿ, ಅವರಿಗೆ ಈಚೆಗೆ ಕಿವಿ ಮಂದವಾಗಿದೆ. ಆಮೇಲೆ ಟೀ ಕುಡಿದು ಹೊರಡಿ.